ಟ್ಯಾಬ್‌ನಲ್ಲಿ ಡಿಲೀಟ್ ಆದ ಎಸ್ಸೆಮ್ಮೆಸ್: ಅಪ್ಪನ ಶುಗರ್ ಲೆಕ್ಕ ವಾಪಸ್ ಸಿಗುತ್ತಾ?

ನಂದಿಬಟ್ಟಲು:

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ. ಪೂರ್ತಿ ಹೇಳದೇ ಇದ್ರೆ "ಬ್ಯಾಕಪ್ ಇದೆಯಾ?" ಅಂತ ಒಂದೇ ಸಾಲಿನ ಉತ್ತರ ಬರುತ್ತೆ, ಅದಕ್ಕೇ ಎಲ್ಲಾ ಬರೀತಿದ್ದೀನಿ.

ನನ್ನ ಹತ್ರ ಇರೋದು ಸಿಮ್ ಹಾಕೋ ಆಂಡ್ರಾಯ್ಡ್ ಟ್ಯಾಬ್. ಅಪ್ಪ ಬೇರೆ ಊರಲ್ಲಿದ್ದಾರೆ, ಅವರದ್ದು ಬಟನ್ ಫೋನ್. ಬೆಳಿಗ್ಗೆ ಎದ್ದು ಶುಗರ್ ನೋಡ್ಕೊಂಡು ನನಗೊಂದು ಮೆಸೇಜ್ ಹಾಕ್ತಾರೆ. "ಬೆಳಿಗ್ಗೆ 142, ಇನ್ಸುಲಿನ್ 14" ಅಂತ ಇಷ್ಟೇ. ರಾತ್ರಿ ಇನ್ನೊಂದು. ಅಪರೂಪಕ್ಕೆ ಪಕ್ಕದಲ್ಲಿ "ರಾತ್ರಿ ಬೆವರು ಬಂತು" ಅಂತಲೋ "ಕೈ ನಡುಗಿತು" ಅಂತಲೋ ಇರುತ್ತೆ. ನಾನು ಅದನ್ನ ಎಲ್ಲೂ ಬರೆದಿಟ್ಟಿಲ್ಲ, ಮೆಸೇಜಲ್ಲೇ ಇದೆಯಲ್ಲ ಅಂತ. ಈಗ ಡಾಕ್ಟರು ಡೋಸ್ ಬದಲಾಯಿಸೋ ಮುಂಚೆ ಹಿಂದಿನ ಮೂರು ತಿಂಗಳ ಲೆಕ್ಕ ತನ್ನಿ ಅಂದಿದ್ದಾರೆ.

ಇಷ್ಟರಲ್ಲಿ ಅಕ್ಕನ ಮಗ ಬಂದಿದ್ದ. ಟ್ಯಾಬ್ ಸ್ಲೋ ಇದೆ ಚಿಕ್ಕಮ್ಮ, ಕ್ಲೀನ್ ಮಾಡಿಕೊಡ್ತೀನಿ ಅಂತ ಕೂತವನು ಮೆಸೇಜ್‌ಗಳನ್ನೆಲ್ಲ ಆರಿಸಿ ಅಳಿಸಿದ್ದಾನೆ. ಬ್ಯಾಂಕಿನವು, ಆಫರ್‌ನವು, ಜೊತೆಗೆ ಅಪ್ಪನದ್ದೂ. ಅವನಿಗೆ ಬೈದು ಪ್ರಯೋಜನ ಇಲ್ಲ, ಒಳ್ಳೇದಕ್ಕೇ ಮಾಡಿದ್ದು.

ನೆಟ್‌ನಲ್ಲಿ ಹುಡುಕಿದ್ರೆ "ಒಂದೇ ಕ್ಲಿಕ್‌ನಲ್ಲಿ ವಾಪಸ್" ಅನ್ನೋ ಸಾಫ್ಟ್‌ವೇರ್‌ಗಳೇ ಕಾಣ್ತವೆ. ಅದರಲ್ಲೊಂದನ್ನ ಕಂಪ್ಯೂಟರಿಗೆ ಹಾಕಿದೆ. ಸ್ಕ್ಯಾನ್ ಆಗಿ "ಇಷ್ಟು ಮೆಸೇಜ್ ಸಿಕ್ಕಿವೆ" ಅಂತ ತೋರಿಸ್ತು. ಓದಬೇಕು ಅಂದ್ರೆ ದುಡ್ಡು ಕಟ್ಟಬೇಕಂತೆ. ಕಟ್ಟಲಾ?

---

ಗಿಳಿವಿಂಡು:

ಟ್ಯಾಬ್ ರೂಟ್ ಮಾಡಿ (ಅಂದ್ರೆ ಸಿಸ್ಟಮ್ ಒಳಗಿನ ಬೀಗ ತೆಗೆದು ಪೂರ್ತಿ ಅಧಿಕಾರ ತಗೊಳ್ಳೋದು), ಆಮೇಲೆ ಯಾವುದಾದರೂ ಒಳ್ಳೆ ರಿಕವರಿ ಆಪ್ ಹಾಕಿ. ಡಿಲೀಟ್ ಮಾಡಿದ್ದು ನಿಜವಾಗಿ ಅಳಿಸಿ ಹೋಗಲ್ಲ, ಅದರ ಮೇಲೆ ಬೇರೆ ಡೇಟಾ ಬರೆಯೋ ತನಕ ಒಳಗೇ ಇರುತ್ತೆ. ನನ್ನ ಹಳೇ ಫೋನಲ್ಲಿ ಹೀಗೇ ತೆಗೆದಿದ್ದೆ. ಬೇಗ ಮಾಡಿ, ತಡ ಮಾಡಿದಷ್ಟೂ ಕಷ್ಟ.

---

ಸಣ್ಣ ಸ್ಕ್ರೂಡ್ರೈವರ್:

ಮೇಡಂ, ದುಡ್ಡು ಕಟ್ಟಬೇಡಿ. ರೂಟ್ ಕೂಡ ಮಾಡಬೇಡಿ. ಟ್ಯಾಬನ್ನ ಫ್ಲೈಟ್ ಮೋಡ್‌ಗೆ ಹಾಕಿ ಪಕ್ಕಕ್ಕಿಡಿ, ಆಮೇಲೆ ಇದನ್ನ ಓದಿ.

ಫೋನು, ಟ್ಯಾಬು ರಿಪೇರಿ ನನ್ನ ಹೊಟ್ಟೆಪಾಡು. ಡೇಟಾ ಹೋಯ್ತು ಅಂತ ಬರೋರಲ್ಲಿ ಸುಮಾರು ಜನ ಇಂಥ ಸಾಫ್ಟ್‌ವೇರ್‌ಗೆ ಕಟ್ಟಿಯೇ ಬಂದಿರ್ತಾರೆ. ಅದು ತೋರಿಸೋ ಸಂಖ್ಯೆ ಬಹಳಷ್ಟು ಸಲ ಟ್ಯಾಬಲ್ಲಿ ಈಗಲೂ ಇರೋ ಮೆಸೇಜ್‌ಗಳದ್ದು. ಕಂಪ್ಯೂಟರಿಂದ ಟ್ಯಾಬಿಗೆ ಆಜ್ಞೆ ಕೊಡೋಕೆ ಬಿಡೋ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ ಅಂತು, ಟ್ಯಾಬಿಗೆ ಒಂದು ಪುಟ್ಟ ಆಪ್ ತುರುಕಿ ಎಸ್ಸೆಮ್ಮೆಸ್ ಓದೋಕೆ ಅನುಮತಿ ಕೇಳ್ತು, ಅಲ್ವಾ? ಆ ಅನುಮತಿಯಲ್ಲಿ ಕಾಣೋದು ನೀವು ಮೆಸೇಜ್ ಆಪ್ ತೆರೆದರೆ ಏನು ಕಾಣುತ್ತೋ ಅಷ್ಟೇ. ಸ್ಕ್ಯಾನ್ ಪಟ್ಟಿ ಓಡೋದು ನೋಡೋಕೆ ಚೆಂದ. ಆ ಆಪನ್ನ ಈಗಲೇ ತೆಗೆದುಹಾಕಿ, ಡಿಬಗಿಂಗ್ ಆಫ್ ಮಾಡಿ. ಬ್ಯಾಂಕಿನ ಓಟಿಪಿ ಬರೋ ಟ್ಯಾಬ್ ಅದು.

ಗಿಳಿವಿಂಡು ಅವರು ಹೇಳಿದ್ದು ಸುಳ್ಳಲ್ಲ, ಹಳೇದು. ಆಂಡ್ರಾಯ್ಡ್‌ನಲ್ಲಿ ಎಸ್ಸೆಮ್ಮೆಸ್ ಎಲ್ಲಾ ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಲ್ಲಿ ಕೂತಿರ್ತವೆ, ಅದರ ಹೆಸರು ಎಂಎಂಎಸ್‌ಎಸ್‌ಎಂಎಸ್ ಡಾಟ್ ಡಿಬಿ. ಸಾಲು ಅಳಿಸಿದ್ರೆ ಲೆಡ್ಜರಿನ ಪುಟ ಹರಿಯದೆ ಮೂಲೆಯಲ್ಲಿ "ಖಾಲಿ" ಅಂತ ಗುರುತು ಹಾಕಿದ ಹಾಗೆ, ಹೊಸದು ಬಂದು ಕೂರೋವರೆಗೂ ಹಳೇ ಅಕ್ಷರ ಅಲ್ಲೇ ಇರಬಹುದು. ಇರಬಹುದು ಅಷ್ಟೇ. ಅಳಿಸಿದ ಜಾಗಕ್ಕೆ ಸೊನ್ನೆ ತುಂಬೋ ಸೌಲಭ್ಯ ಎಸ್‌ಕ್ಯೂಲೈಟ್‌ನಲ್ಲೇ ಇದೆ. ಅದು ಚಾಲೂ ಇದ್ದರೆ ಏನೂ ಉಳಿಯಲ್ಲ.

ಉಳಿದಿದೆ ಅಂತಲೇ ಇಟ್ಕೊಳ್ಳಿ, ಅಲ್ಲಿಗೆ ಹೋಗೋದು ಹೇಗೆ? ಕೇಬಲ್ ಹಾಕಿದ್ರೆ ಕಂಪ್ಯೂಟರಿಗೆ ಕಾಣೋದು ಫೋಟೋ, ಡೌನ್‌ಲೋಡ್ ಇಂಥವು ಮಾತ್ರ. ಕೇಬಲ್‌ನಲ್ಲಿ ಫೈಲ್ ದಾಟಿಸೋ ಎಂಟಿಪಿ ಅನ್ನೋ ಪದ್ಧತಿ ಫೈಲಿನ ಪಟ್ಟಿ ಕೊಡುತ್ತೆ, ಒಳಗಿನ ಮೆಮೊರಿಯನ್ನ ಹಸಿಹಸಿಯಾಗಿ ತೋರಿಸಲ್ಲ. ಡೇಟಾಬೇಸ್ ಇರೋ ಜಾಗಕ್ಕೆ ರೂಟ್ ಬೇಕು. ರೂಟ್‌ಗೆ ಬೂಟ್‌ಲೋಡರ್, ಅಂದ್ರೆ ಟ್ಯಾಬ್ ಆನ್ ಆಗುವಾಗ ಮೊದಲು ಓಡೋ ಪ್ರೋಗ್ರಾಂ, ಅನ್‌ಲಾಕ್ ಆಗಬೇಕು. ಅನ್‌ಲಾಕ್ ಮಾಡಿದ ಕ್ಷಣ ಟ್ಯಾಬ್ ತಾನಾಗಿಯೇ ಒಳಗಿನ ಡೇಟಾವನ್ನೆಲ್ಲ ಒರೆಸಿಬಿಡುತ್ತೆ. ಕದ್ದ ಸಾಧನದಿಂದ ಯಾರೂ ಡೇಟಾ ಎತ್ತಬಾರದು ಅಂತಲೇ ಹಾಗೆ ಮಾಡಿರೋದು. ಏನು ಹುಡುಕೋಕೆ ಹೊರಟಿದ್ವೋ ಅದನ್ನೇ ಕೊಂದ ಹಾಗಾಯ್ತು.

ಚಿಪ್ಪನ್ನೇ ಕಿತ್ತು ಓದಬಹುದಲ್ವಾ ಅಂತ ಕೇಳೋರೂ ಇದ್ದಾರೆ. ಆಂಡ್ರಾಯ್ಡ್ 7 ಬಂದಾಗ, 2016ರಲ್ಲಿ, ಪ್ರತಿ ಫೈಲನ್ನೂ ಬೇರೆಯಾಗಿ ಎನ್‌ಕ್ರಿಪ್ಟ್ ಮಾಡೋ, ಅಂದ್ರೆ ಕೀ ಇಲ್ಲದೆ ಓದೋಕಾಗದ ಹಾಗೆ ಗೂಢಲಿಪಿಗೆ ಬದಲಾಯಿಸೋ ಪದ್ಧತಿ ಶುರುವಾಯ್ತು. 2019ರ ಆಂಡ್ರಾಯ್ಡ್ 10ರ ಜೊತೆ ಹೊರಬಂದ ಸಾಧನಗಳಿಗೆ ಎನ್‌ಕ್ರಿಪ್ಶನ್ ಕಡ್ಡಾಯ. ಚಿಪ್ಪು ಕಿತ್ತರೆ ಸಿಗೋದು ಕಲಸುಮೇಲೋಗರ.

ಹಾಗಾಗಿ ಟ್ಯಾಬನ್ನ ಅಗೆಯೋದು ಬಿಡಿ, ಅದೇ ಮೆಸೇಜಿನ ಇನ್ನೊಂದು ಪ್ರತಿ ಎಲ್ಲಿದೆ ನೋಡಿ. ಮೊದಲು ಮೆಸೇಜ್ ಆಪ್‌ನಲ್ಲೇ. ಗೂಗಲ್ ಮೆಸೇಜಸ್ ಆಗಿದ್ರೆ "ಆರ್ಕೈವ್" ಮತ್ತು "ಸ್ಪ್ಯಾಮ್, ಬ್ಲಾಕ್" ಎರಡೂ ತೆರೆದು ನೋಡಿ. ಎಷ್ಟೋ ಜನ ಬೆರಳು ಪಕ್ಕಕ್ಕೆ ಸರಿಸಿದ್ದು ಡಿಲೀಟ್ ಅಂದ್ಕೊಂಡಿರ್ತಾರೆ, ಅದು ಆರ್ಕೈವ್‌ಗೆ ಹೋಗಿರುತ್ತೆ. ಸ್ಯಾಮ್ಸಂಗ್‌ನದೇ ಮೆಸೇಜ್ ಆಪ್ ಆಗಿದ್ರೆ ಮೂರು ಚುಕ್ಕಿ ಒತ್ತಿ, ಅಲ್ಲಿ ಟ್ರ್ಯಾಶ್ ಇರುತ್ತೆ, ಅಳಿಸಿದ್ದು 30 ದಿನ ಅದರಲ್ಲಿ ಕೂತಿರುತ್ತೆ. ಬೇರೆ ಮೆಸೇಜ್ ಆಪ್ ಹಾಕಿ ನೋಡೋದು ವ್ಯರ್ಥ, ಎಲ್ಲವೂ ಓದೋದು ಅದೇ ಒಂದು ಡೇಟಾಬೇಸನ್ನ.

ಎರಡನೇದು ಗೂಗಲ್ ಬ್ಯಾಕಪ್. ಸೆಟ್ಟಿಂಗ್ಸ್, ಗೂಗಲ್, ಬ್ಯಾಕಪ್ ಅಂತ ಹೋದ್ರೆ ಕೊನೇ ಬ್ಯಾಕಪ್ ಯಾವತ್ತು ಆಯ್ತು ಅಂತ ಇರುತ್ತೆ. ಅದು ಹುಡುಗ ಅಳಿಸೋದಕ್ಕಿಂತ ಮುಂಚಿನ ದಿನಾಂಕ ಆಗಿದ್ರೆ ಅದೃಷ್ಟ. ಒಂದು ವಿಷಯ ದಯವಿಟ್ಟು ಗಮನಿಸಿ: ಹೊಸ ಬ್ಯಾಕಪ್ ಹಳೇದರ ಮೇಲೆ ಕೂರಬಾರದು ಅಂತ ಬ್ಯಾಕಪ್ಪನ್ನೇ ಆಫ್ ಮಾಡೋಕೆ ಹೋಗಬೇಡಿ. ಆಫ್ ಮಾಡಿದ್ರೆ ಅಲ್ಲಿರೋ ಪ್ರತಿಯೇ ಅಳಿಸಿಹೋಗಬಹುದು. ನೆಟ್ ಮಾತ್ರ ನಿಲ್ಲಿಸಿ, ಅದಕ್ಕೇ ಫ್ಲೈಟ್ ಮೋಡ್ ಅಂದದ್ದು.

ಬ್ಯಾಕಪ್ಪಿಂದ ಎಸ್ಸೆಮ್ಮೆಸ್ ಇಳಿಯೋದು ಸಾಮಾನ್ಯವಾಗಿ ಸಾಧನವನ್ನ ಹೊಸದಾಗಿ ಸೆಟಪ್ ಮಾಡುವಾಗ. ನಿಮ್ಮ ಟ್ಯಾಬನ್ನೇ ರಿಸೆಟ್ ಹೊಡೀಬೇಡಿ. ಮನೇಲಿ ಬಳಸದೇ ಇರೋ ಆಂಡ್ರಾಯ್ಡ್ ಇದ್ರೆ ಅದನ್ನ ರಿಸೆಟ್ ಮಾಡಿ, ನಿಮ್ಮ ಅಕೌಂಟ್ ಹಾಕಿ ಇಳಿಸಿ ನೋಡಿ. ಅದರ ಆಂಡ್ರಾಯ್ಡ್ ಟ್ಯಾಬಿನದಕ್ಕಿಂತ ಹಳೇದಾಗಿದ್ರೆ ಮಾತ್ರ ಬರಲ್ಲ.

ಟೆಲಿಕಾಂ ಕಂಪನಿಯನ್ನ ಕೇಳೋ ಯೋಚನೆ ಇದ್ರೆ ಬಿಡಿ. ಅವರ ಎಸ್ಸೆಮ್ಮೆಸ್ ಸೆಂಟರಿನ ಕೆಲಸ ನಿಮ್ಮ ಸಾಧನಕ್ಕೆ ತಲುಪೋವರೆಗೆ ಹಿಡಿದಿಟ್ಟು ದಾಟಿಸೋದು. ಹಳೇದನ್ನ ಗ್ರಾಹಕರಿಗೆ ಮತ್ತೆ ಕಳಿಸೋ ಏರ್ಪಾಡು ಅದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಮೆಸೇಜ್ ಕಳಿಸಿದವರ ಫೋನಲ್ಲಿ ನೋಡಿದ್ರಾ? ಅಪ್ಪನ ಸೆಂಟ್ ಐಟಮ್ಸ್?

---

ನಂದಿಬಟ್ಟಲು:

ಸರ್, ತುಂಬಾ ಥ್ಯಾಂಕ್ಸ್. ಆ ಆಪ್ ತೆಗೆದೆ. ಹೌದು, ನೀವು ಹೇಳಿದ ಹಾಗೇ ಅನುಮತಿ ಕೇಳಿತ್ತು.

ಆರ್ಕೈವ್‌ನಲ್ಲಿ ಇಲ್ಲ. ಟ್ರ್ಯಾಶ್ ಇದೆ, ಆದರೆ ಖಾಲಿ. ಫೋನ್ ಮಾಡಿ ಕೇಳಿದ್ರೆ "ಟ್ರ್ಯಾಶ್ ಕೂಡ ಜಾಗ ತಿನ್ನುತ್ತೆ ಚಿಕ್ಕಮ್ಮ, ಅದನ್ನೂ ಖಾಲಿ ಮಾಡಿದೆ" ಅಂದ. ಅಚ್ಚುಕಟ್ಟು ಹುಡುಗ. ಬ್ಯಾಕಪ್ ದಿನಾಂಕ ಅವನು ಅಳಿಸಿದ ದಿನದ ರಾತ್ರಿಯದು.

ಅಪ್ಪನ ಫೋನಲ್ಲಿ ಪಕ್ಕದ ಮನೆಯವರ ಕೈಲಿ ನೋಡಿಸಿದೆ. ಸೆಂಟ್‌ನಲ್ಲಿ ಇತ್ತೀಚಿನವು ಸ್ವಲ್ಪ ಇವೆ, ಹಳೇದಿಲ್ಲ.

---

ಸಣ್ಣ ಸ್ಕ್ರೂಡ್ರೈವರ್:

ಬಟನ್ ಫೋನಲ್ಲಿ ಜಾಗ ಕಮ್ಮಿ, ತುಂಬಿದ ಮೇಲೆ ಹಳೇದನ್ನ ತಳ್ಳಿಬಿಡುವಂಥವು ಇವೆ. ಇರೋ ಅಷ್ಟನ್ನ ಪಕ್ಕದ ಮನೆಯವರ ಹತ್ರ ಪರದೆಯ ಫೋಟೋ ತೆಗೆಸಿ ತರಿಸ್ಕೊಳ್ಳಿ. ಫಾರ್ವರ್ಡ್ ಮಾಡಿಸಬೇಡಿ, ಹೊಸದು ಸೆಂಟ್‌ಗೆ ಸೇರಿದ ಹಾಗೆಲ್ಲ ಹಳೇದು ಇನ್ನಷ್ಟು ಹೋಗಬಹುದು.

ಟ್ಯಾಬಲ್ಲಿ ಇನ್ನೊಂದೇ ಜಾಗ ಬಾಕಿ. ಆಂಡ್ರಾಯ್ಡ್ 11ರಿಂದ ನೋಟಿಫಿಕೇಶನ್ ಹಿಸ್ಟರಿ ಅಂತ ಇದೆ. ಮೊದಲೇ ಆನ್ ಆಗಿದ್ರೂ ಕೊನೇ 24 ಗಂಟೆಯದ್ದು ಮಾತ್ರ ಕಾಣುತ್ತೆ, ನಿಮ್ಮ ಮೂರು ತಿಂಗಳಿಗೆ ಉಪಯೋಗಕ್ಕೆ ಬರಲ್ಲ. ಟ್ಯಾಬಿನ ಮಟ್ಟಿಗೆ ನನ್ನ ಕಡೆಯಿಂದ ಇಷ್ಟೇ. ಆಸೆ ಹುಟ್ಟಿಸಿ ದುಡ್ಡು ಕಳೆಯೋದು ನನಗೆ ಬರಲ್ಲ.

---

ಹತ್ತಿ_ಸ್ಪಿರಿಟ್:

ನಾನು ನರ್ಸ್. ಟ್ಯಾಬ್ ಬಗ್ಗೆ ನನಗೇನೂ ಗೊತ್ತಿಲ್ಲ, ಆದರೆ ಇಡೀ ಚರ್ಚೆ ಓದಿ ಒಂದು ಮಾತು ಹೇಳದೆ ಇರಲಾಗುತ್ತಿಲ್ಲ. ನಿಮಗೆ ಬೇಕಿರುವುದು ಮೆಸೇಜ್ ಅಲ್ಲವಲ್ಲ, ಶುಗರ್ ಲೆಕ್ಕ. ತಂದೆಯವರ ಗ್ಲುಕೋಮೀಟರ್ ನೋಡಿದಿರಾ?

ಈಗಿನ ಬಹುಪಾಲು ಮೀಟರ್‌ಗಳು ನೂರಾರು ರೀಡಿಂಗ್‌ಗಳನ್ನು ದಿನಾಂಕ, ಸಮಯದ ಜೊತೆ ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಸ್ಟ್ರಿಪ್ ಹಾಕದೆ ಬಟನ್ ಒತ್ತಿದರೆ ಸಾಮಾನ್ಯವಾಗಿ ಕೊನೆಯ ರೀಡಿಂಗ್ ಬರುತ್ತದೆ, ಒತ್ತುತ್ತಾ ಹೋದರೆ ಹಿಂದಿನವು. ದಿನಕ್ಕೆ ಎರಡು ಸಲ ನೋಡುವವರಿಗೆ ಮೂರು ತಿಂಗಳೆಂದರೆ 180ರ ಆಸುಪಾಸು. ಅಷ್ಟು ಹಿಡಿಸುವ ಮೀಟರ್‌ಗಳು ಸಾಕಷ್ಟಿವೆ.

ಗಡಿಯಾರ ಸರಿಯಿದೆಯೇ ಎಂದು ಮೊದಲು ನೋಡಿ. ಸೆಲ್ ಬದಲಾಯಿಸಿದಾಗ ಕೆಲವು ಮೀಟರ್‌ಗಳಲ್ಲಿ ದಿನಾಂಕ ಮೊದಲಿಗೆ ಹೋಗಿಬಿಡುತ್ತದೆ, ಯಾರೂ ತಿದ್ದುವುದಿಲ್ಲ. ಆಗ ದಿನಾಂಕ ತಪ್ಪಿದ್ದರೂ ಅನುಕ್ರಮ ಸರಿ ಇರುತ್ತದೆ. ಇವತ್ತಿನ ರೀಡಿಂಗ್ ಯಾವ ದಿನಾಂಕ ತೋರಿಸುತ್ತದೆ ನೋಡಿದರೆ ಎಷ್ಟು ದಿನ ವ್ಯತ್ಯಾಸ ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಅದನ್ನು ತಿದ್ದುವ ಮುಂಚೆ ಎಲ್ಲ ಬರೆದುಕೊಳ್ಳಿ.

ಮೀಟರ್‌ನಲ್ಲಿ ಸಿಗದಿರುವುದು ಇನ್ಸುಲಿನ್ ಯೂನಿಟ್ ಮತ್ತು ಆ "ಬೆವರು ಬಂತು" ಸಾಲುಗಳು. ಡಾಕ್ಟರಿಗೆ ಅವೇ ಮುಖ್ಯ. ರಾತ್ರಿ ಬೆವರುವುದು, ಕೈ ನಡುಗುವುದು ಶುಗರ್ ಇಳಿದಾಗಿನ ಲಕ್ಷಣ ಇರಬಹುದು, ಇನ್ಸುಲಿನ್ ಹೆಚ್ಚಿಸುವ ಮುಂಚೆ ಅವರು ತಿಳಿಯಲೇಬೇಕು. ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಕೊಡುತ್ತದೆ, ಅದನ್ನೂ ಮಾಡಿಸುತ್ತಾರೆ. ಆದರೆ ಸರಾಸರಿಯಲ್ಲಿ ಇಳಿತ ಮುಚ್ಚಿಹೋಗುತ್ತದೆ. ತಂದೆಯವರ ಜೊತೆ ಕೂತು ನೆನಪಿರುವಷ್ಟನ್ನು ಬರೆಸಿಕೊಳ್ಳಿ. ಮೀಟರ್‌ನಲ್ಲಿ 70ಕ್ಕಿಂತ ಕೆಳಗಿನ ಸಂಖ್ಯೆ ಕಂಡ ದಿನಗಳನ್ನು ಹೇಳಿ ಕೇಳಿದರೆ ಅವರಿಗೂ ನೆನಪಾಗುತ್ತದೆ.

---

ಮಳೆಹುಳ:

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಐಪ್ಯಾಡ್. ಇದೇ ಥರ ಆದ್ರೆ ಏನು ಮಾಡೋದು?

---

ಸಣ್ಣ ಸ್ಕ್ರೂಡ್ರೈವರ್:

ಐಪ್ಯಾಡ್‌ಓಎಸ್ 16, ಅಂದ್ರೆ 2022ರಿಂದ, ಮೆಸೇಜಸ್ ಆಪ್‌ನಲ್ಲೇ "ರೀಸೆಂಟ್ಲಿ ಡಿಲೀಟೆಡ್" ಇದೆ. 30 ದಿನ ಗ್ಯಾರಂಟಿ, 40ರವರೆಗೂ ಉಳಿಯಬಹುದು. ಮಾಮೂಲಿ ಎಸ್ಸೆಮ್ಮೆಸ್ ಐಪ್ಯಾಡಿಗೆ ಬರೋದು ನಿಮ್ಮ ಐಫೋನಿಂದ ದಾಟಿಕೊಂಡು. ಹಾಗಂತ ಫೋನಲ್ಲಿ ಇನ್ನೊಂದು ಪ್ರತಿ ಇದ್ದೇ ಇರುತ್ತೆ ಅಂತ ನಂಬಬೇಡಿ. ಐಕ್ಲೌಡ್‌ನಲ್ಲಿ ಮೆಸೇಜ್ ಸಿಂಕ್ ಆನ್ ಇದ್ರೆ ಒಂದರಲ್ಲಿ ಅಳಿಸಿದ್ದು ಎಲ್ಲದರಿಂದಲೂ ಹೋಗುತ್ತೆ. ಅದು ಆನ್ ಇದ್ದಾಗ ಐಕ್ಲೌಡ್ ಬ್ಯಾಕಪ್ ಒಳಗೆ ಮೆಸೇಜ್ ಬೇರೆಯಾಗಿ ಸೇರೋದೂ ಇಲ್ಲ.

ನರ್ಸಮ್ಮ, ನೀವು ಹೇಳಿದ್ದು ನನಗೆ ಹೊಳೆಯಲೇ ಇಲ್ಲ.

---

ನಂದಿಬಟ್ಟಲು:

ವಾರಾಂತ್ಯಕ್ಕೆ ಅಪ್ಪನ ಮನೆಗೆ ಬಂದಿದ್ದೀನಿ. ಮೀಟರ್‌ನಲ್ಲಿ ಇವೆ! ಮೂರು ತಿಂಗಳಿಗಿಂತ ಹಿಂದಿನವೂ ಇವೆ. ಗಡಿಯಾರ ಮಾತ್ರ ಸಿಸ್ಟರ್ ಹೇಳಿದ ಹಾಗೇ ಹಾಳಾಗಿತ್ತು, ಯಾವುದೋ ಹಳೇ ವರ್ಷ ತೋರಿಸ್ತಿತ್ತು. ಸೆಂಟ್ ಐಟಮ್ಸ್‌ನ ಫೋಟೋಗಳ ಜೊತೆ ಸಂಖ್ಯೆ ಹೊಂದಿಸಿ ದಿನಾಂಕ ಸರಿ ಮಾಡ್ಕೊಂಡೆ. ಒಂದು ಕಡೆ ಮಾತ್ರ ಅಪ್ಪ ನನಗೆ ಕಳಿಸಿದ್ದು 118, ಮೀಟರ್‌ನಲ್ಲಿ 218. ಕೇಳಿದ್ರೆ "ನೀನು ಗಾಬರಿ ಆಗ್ತೀಯ ಅಂತ" ಅಂದ್ರು. ಮೆಸೇಜ್ ಸಿಕ್ಕಿದ್ದಿದ್ರೆ ಅದನ್ನೇ ನಂಬಿ ಡಾಕ್ಟರಿಗೆ ಕೊಡ್ತಿದ್ದೆ.

ಇನ್ಸುಲಿನ್ ಯೂನಿಟ್ ಹಳೇದು ಪೂರ್ತಿ ಸಿಗಲಿಲ್ಲ. ಸಿಕ್ಕಷ್ಟು ಬರೆದು, ಉಳಿದ ಕಡೆ ಖಾಲಿ ಬಿಟ್ಟಿದ್ದೀನಿ, ಅಂದಾಜಿಗೆ ತುಂಬಿಲ್ಲ. ಇನ್ಮುಂದೆ ಮೆಸೇಜ್ ಉಳಿಸಿಕೊಳ್ಳೋಕೆ ಏನು ಮಾಡಲಿ?

---

ಸಣ್ಣ ಸ್ಕ್ರೂಡ್ರೈವರ್:

ಎಸ್ಸೆಮ್ಮೆಸ್ಸನ್ನ ಫೈಲಾಗಿ ತೆಗೆದಿಡೋ ಆಪ್‌ಗಳಿವೆ. ಎಸ್‌ಎಂಎಸ್ ಬ್ಯಾಕಪ್ ಅಂಡ್ ರಿಸ್ಟೋರ್ ಅನ್ನೋದು ಸುಮಾರು ವರ್ಷದಿಂದ ಇದೆ, ಎಕ್ಸ್‌ಎಂಎಲ್ ಫೈಲ್ ಮಾಡಿಕೊಡುತ್ತೆ. ವಾರಕ್ಕೊಮ್ಮೆ ತಾನೇ ಮಾಡೋ ಹಾಗೆ ಇಟ್ಟು, ಫೈಲು ಡ್ರೈವ್‌ಗೆ ಹೋಗೋ ಹಾಗೆ ಮಾಡಿ. ಟ್ಯಾಬಲ್ಲೇ ಇಟ್ರೆ ನಿಮ್ಮ ಹುಡುಗ ಮುಂದಿನ ಸಲ ಅದನ್ನೂ ಗುಡಿಸ್ತಾನೆ. ಗೂಗಲ್ ಬ್ಯಾಕಪ್ ಒಂದನ್ನೇ ನಂಬ್ಕೋಬೇಡಿ, ಅದು ಇವತ್ತಿನ ಸ್ಥಿತಿಯ ಪ್ರತಿ ಅಷ್ಟೇ. ಸಾಧನ 57 ದಿನ ಬಳಸದೇ ಬಿಟ್ರೆ ಅದೂ ಹೋಗುತ್ತೆ.

---

ಹತ್ತಿ_ಸ್ಪಿರಿಟ್:

ಮೀಟರ್ ಪಕ್ಕ ಒಂದು ನೋಟ್‌ಬುಕ್ಕೂ ಇಡಿಸಿ. ಆ 218ರ ದಿನದ ಹಿಂದುಮುಂದಿನ ರೀಡಿಂಗ್‌ಗಳನ್ನು ಡಾಕ್ಟರಿಗೆ ಪ್ರತ್ಯೇಕವಾಗಿ ತೋರಿಸಿ. ಮೀಟರನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಅವರೇ ಒತ್ತಿ ನೋಡಲಿ.