ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’: ಸೆಲ್ಫ್ ಬದಲಿಸಿದರೂ ಟ್ರಕ್ ಸ್ಟಾರ್ಟ್ ಆಗುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 24 ವೋಲ್ಟ್‌ನ ಆರು ಸಿಲಿಂಡರ್ ಡೀಸೆಲ್ ಟ್ರಕ್, ಹಳೇ ಮಾದರಿ, ಮೆಕ್ಯಾನಿಕಲ್ ಡೀಸೆಲ್ ಪಂಪ್. ಎರಡು ವಾರ ಸುಮ್ನೆ ನಿಂತಿತ್ತು. ಈಗ ಕೀ ತಿರುಗಿಸಿದರೆ ಕೆಳಗಡೆ ಒಂದು ಸಲ ‘ಟಕ್’ ಅನ್ನುತ್ತದೆ, ಅಷ್ಟೇ. ಎಂಜಿನ್ ತಿರುಗುವುದೇ ಇಲ್ಲ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಹಾರ್ನ್ ಗಟ್ಟಿಯಾಗಿದೆ, ಎರಡು ಬ್ಯಾಟರಿ ಸೇರಿ 25.1 ವೋಲ್ಟ್ ಇದೆ. ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್) ಹೋಗಿದೆ ಅಂದರು, ಬೇರೆ ಹಾಕಿಸಿದೆ. ಅದೇ ‘ಟಕ್’. ಇರಲಿ ಅಂತ ಡೀಸೆಲ್ ಫಿಲ್ಟರ್ ಕೂಡ ಹೊಸದು ಹಾಕಿದೆ. ಈಗ ಎಂಜಿನ್ನೇ ಜಾಮ್ ಆಗಿದೆ, ಬಿಚ್ಚಬೇಕು ಅನ್ನುತ್ತಿದ್ದಾರೆ. ನಿಲ್ಲಿಸಿದ ದಿನ ಚೆನ್ನಾಗಿ ಓಡಿದ್ದ ಗಾಡಿ ಇದು. ಬಿಚ್ಚುವ ಮೊದಲು ಇನ್ನೇನು ನೋಡಬಹುದು?

ಉತ್ತರ

ದಯವಿಟ್ಟು ಈಗಲೇ ಎಂಜಿನ್ ಬಿಚ್ಚಬೇಡಿ. ಜಾಮ್ ಆಗಿದೆಯೋ ಇಲ್ಲವೋ ತಿಳಿಯಲು ಹತ್ತು ನಿಮಿಷ ಸಾಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ, ಗೇರ್ ನ್ಯೂಟ್ರಲ್ ಮಾಡಿ, ಚಕ್ರಕ್ಕೆ ಅಡೆ ಕೊಡಿ. ಆಮೇಲೆ ಕ್ರಾಂಕ್ ಪುಲ್ಲಿಯ (ಎಂಜಿನ್ ಮುಂದೆ ಬೆಲ್ಟ್ ತಿರುಗಿಸುವ ಚಕ್ರ) ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಪೂರ್ತಿ ಎರಡು ಸುತ್ತು ತಿರುಗಿದರೆ ಜಾಮ್ ಆಗಿಲ್ಲ. ನಡುವೆ ಎಲ್ಲಾದರೂ ಗಟ್ಟಿಯಾಗಿ ನಿಂತುಬಿಟ್ಟರೆ ಬಲ ಹಾಕಬೇಡಿ, ಸೆಲ್ಫನ್ನಂತೂ ಹೊಡೆಯಲೇಬೇಡಿ. ಸಿಲಿಂಡರಿನೊಳಗೆ ನೀರೋ ಡೀಸೆಲ್ಲೋ ತುಂಬಿದ್ದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ.

ಶಬ್ದದಿಂದಲೇ ಅರ್ಧ ಗೊತ್ತಾಗುತ್ತದೆ. ‘ಟಕಟಕಟಕ’ ಅಂತ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿರುತ್ತದೆ. ಏನೂ ಶಬ್ದವೇ ಇಲ್ಲದಿದ್ದರೆ ಸೆಲ್ಫಿಗೆ ಸಿಗ್ನಲ್ ಹೋಗುತ್ತಿಲ್ಲ, ಅಂದರೆ ಕೀ ಸ್ವಿಚ್, ರಿಲೇ, ನ್ಯೂಟ್ರಲ್ ಸ್ವಿಚ್ ಕಡೆ ನೋಡಬೇಕು. ನಿಮ್ಮದು ಒಂದೇ ‘ಟಕ್’. ಸೊಲೆನಾಯ್ಡ್ (ಸೆಲ್ಫಿನ ಮೇಲಿರುವ ಆಯಸ್ಕಾಂತದ ಸ್ವಿಚ್) ಎಳೆಯುತ್ತಿದೆ, ಆದರೆ ಮೋಟರಿಗೆ ಬೇಕಾದಷ್ಟು ಕರೆಂಟ್ ಸಿಗುತ್ತಿಲ್ಲ ಅನ್ನಿಸುತ್ತದೆ.

ಹೆಡ್‌ಲೈಟ್ ಉರಿಯುತ್ತದೆ ಅಂತ ನಂಬಿ ಕೂರಬೇಡಿ. ಅದಕ್ಕೆ ಕೆಲವೇ ಆಂಪಿಯರ್ ಸಾಕು, ಸೆಲ್ಫಿಗೆ ನೂರಾರು ಬೇಕು. ಕಸ ಕಟ್ಟಿದ ಪೈಪಿನಲ್ಲೂ ಒಂದು ಲೋಟ ನೀರು ಬರುತ್ತದೆ, ಹೊಲಕ್ಕೆ ಹಾಯಿಸುವಷ್ಟು ಬರುವುದಿಲ್ಲ, ಅಲ್ವಾ? ಹಾಗಾಗಿ ಅಳತೆ ಮಾಡಬೇಕಾದ್ದು ಸುಮ್ಮನಿದ್ದಾಗ ಅಲ್ಲ, ಸೆಲ್ಫ್ ಹೊಡೆಯುತ್ತಿರುವಾಗ. ನೆಗೆಟಿವ್ ಮತ್ತೆ ಜೋಡಿಸಿ, ಇನ್ನೊಬ್ಬರನ್ನು ಕ್ಯಾಬಿನ್‌ನಲ್ಲಿ ಕೂರಿಸಿ, ಪ್ರತಿ ಸಲ ಮೂರು ಸೆಕೆಂಡ್ ಮಾತ್ರ ಕೀ ಹಿಡಿಯಲು ಹೇಳಿ. ಮೊದಲು ಒಂದೊಂದು ಬ್ಯಾಟರಿಯನ್ನೂ ಬೇರೆ ಬೇರೆಯಾಗಿ ನೋಡಿ, ಒಟ್ಟು ವೋಲ್ಟ್ ಮೋಸ ಮಾಡುತ್ತದೆ. ಹೊಡೆಯುವಾಗ ಯಾವುದೂ 9.6ಕ್ಕಿಂತ ಕೆಳಗೆ ಬೀಳಬಾರದು. ಆಮೇಲೆ ವೋಲ್ಟ್ ಮೀಟರಿನ ಒಂದು ವೈರ್ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಸೆಲ್ಫಿನ ದಪ್ಪ ಪಾಸಿಟಿವ್ ಬೋಲ್ಟಿಗೆ. ಆಮೇಲೆ ಬ್ಯಾಟರಿ ನೆಗೆಟಿವ್‌ನಿಂದ ಸೆಲ್ಫಿನ ಬಾಡಿಗೆ. ಈ ಎರಡು ಕಡೆ ಒಂದು ವೋಲ್ಟ್‌ಗಿಂತ ಜಾಸ್ತಿ ಕಂಡರೆ ಆ ದಾರಿಯಲ್ಲೇ ತೊಂದರೆ. ಸೆಲ್ಫಿನ ಬಳಿ ಮೀಟರ್ ವೈರನ್ನು ಕ್ಲಿಪ್ ಹಾಕಿ ಹೊರಗೆ ತನ್ನಿ, ಕೀ ತಿರುಗಿಸುವಾಗ ಗಾಡಿ ಕೆಳಗೆ ಯಾರೂ ಇರಬಾರದು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಎಂಜಿನ್ ಕೈಯಲ್ಲಿ ಎರಡು ಸುತ್ತು ತಿರುಗಿತು, ಎಲ್ಲೂ ಹಿಡಿಯಲಿಲ್ಲ! ಇದೊಂದರಿಂದಲೇ ಎಷ್ಟೋ ಸಮಾಧಾನ ಆಯಿತು.

ಅಳತೆ ಹೀಗಿದೆ. ಸುಮ್ಮನಿದ್ದಾಗ ಒಂದು ಬ್ಯಾಟರಿ 12.7, ಇನ್ನೊಂದು 12.4. ಕೀ ಹಿಡಿದಾಗ ಎರಡೂ ಸೇರಿ 24.4. ಪಾಸಿಟಿವ್ ಕಡೆ 0.4. ನೆಗೆಟಿವ್ ಕಡೆ 16! ಮೂರು ಸಲ ನೋಡಿದೆ, ಅಷ್ಟೇ ಬರುತ್ತಿದೆ. ಮೀಟರ್ ಕೆಟ್ಟಿದೆಯಾ?

ಉತ್ತರ

ಮೀಟರ್ ಸರಿಯಾಗಿದೆ. ಲೆಕ್ಕ ಹಾಕಿ ನೋಡಿ, 24.4ರಲ್ಲಿ 16 ಅರ್ತ್ (ನೆಗೆಟಿವ್) ದಾರಿಯಲ್ಲೇ ಹೋದರೆ ಸೆಲ್ಫಿಗೆ ಉಳಿಯುವುದು 8 ವೋಲ್ಟ್. ಹೊಸ ಸೆಲ್ಫ್ ಆದರೂ ಅಷ್ಟರಲ್ಲಿ ಏನು ಮಾಡೀತು? ಹಳೇ ಸೆಲ್ಫನ್ನು ಎಸೆಯಬೇಡಿ, ಅದು ಚೆನ್ನಾಗಿಯೇ ಇರಬಹುದು.

ಬ್ಯಾಟರಿ ಹೆಚ್ಚು ಬೀಳದೆ ನಿಂತಿದ್ದೂ ಇದಕ್ಕೇ. ಕರೆಂಟ್ ಹೆಚ್ಚು ಹರಿಯುತ್ತಲೇ ಇಲ್ಲವಲ್ಲ.

ಈಗ ಆ ದಾರಿಯನ್ನು ತುಂಡು ಮಾಡಿ ಅಳೆಯಿರಿ. ಬ್ಯಾಟರಿ ನೆಗೆಟಿವ್‌ನಿಂದ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟು), ಚಾಸಿಯಿಂದ ಎಂಜಿನ್ ಬ್ಲಾಕಿಗೆ, ಬ್ಲಾಕಿನಿಂದ ಸೆಲ್ಫ್ ಬಾಡಿಗೆ. ಪೇಂಟಿನ ಮೇಲೆ ಮೀಟರ್ ಒತ್ತಬೇಡಿ, ಕೆರೆದು ಬರೀ ಲೋಹ ಹಿಡಿಯಿರಿ. ಜಾಸ್ತಿ ಹೊತ್ತು ಹೊಡೆಯಬೇಡಿ, ಕೆಟ್ಟ ಜಾಯಿಂಟ್ ಸುಡುವಷ್ಟು ಬಿಸಿ ಆಗುತ್ತದೆ.

ಪ್ರಶ್ನೆ ಕೇಳಿದವರು

ಸಿಕ್ಕಿತು ಸರ್! ಚಾಸಿಯಿಂದ ಬ್ಲಾಕಿಗೆ 15.6. ಉಳಿದ ಎರಡು ಕಡೆ 0.2, 0.2. ಅಲ್ಲಿ ಒಂದು ಹೆಣೆದ ತಾಮ್ರದ ಪಟ್ಟಿ ಇದೆ. ಮೇಲಿಂದ ನೋಡಿದರೆ ಗಟ್ಟಿಯಾಗೇ ಇತ್ತು, ಬೋಲ್ಟ್ ಬಿಚ್ಚಿದರೆ ಕೆಳಗೆಲ್ಲ ಹಸಿರು ಪುಡಿ ಮತ್ತು ತುಕ್ಕು, ಅರ್ಧ ಎಳೆಗಳು ಕಡಿದಿವೆ. ಹೊಸ ಪಟ್ಟಿ ಹಾಕಿ, ಎರಡೂ ತುದಿಯನ್ನು ಎಮರಿ ಪೇಪರಿನಲ್ಲಿ ಹೊಳೆಯುವಂತೆ ಉಜ್ಜಿ ಬಿಗಿ ಮಾಡಿದೆ. ಈಗ ಎಂಜಿನ್ ಜೋರಾಗಿ ತಿರುಗುತ್ತದೆ.

ಆದರೆ ಹತ್ತಿಕೊಳ್ಳುತ್ತಿಲ್ಲ. ಸೈಲೆನ್ಸರಿನಲ್ಲಿ ಚೂರೂ ಹೊಗೆ ಇಲ್ಲ.

ಉತ್ತರ

ಹೊಗೆ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬಂದಿದ್ದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ ಅಂತ ಬೇರೆ ಕಡೆ ಹುಡುಕಬೇಕಿತ್ತು. ನೀವು ಫಿಲ್ಟರ್ ಬದಲಿಸಿದ್ದೀರಿ, ಆಗ ಒಳಗೆ ಸೇರುವ ಏರ್ (ಗಾಳಿ) ತೆಗೆದಿರಾ? ಮೊದಲು ಎಂಜಿನ್ ನಿಲ್ಲಿಸುವ ಕೇಬಲ್ ಅಥವಾ ಸೊಲೆನಾಯ್ಡ್ ಪಂಪಿನ ಲಿವರನ್ನು ಬಂದ್ ಸ್ಥಾನದಲ್ಲೇ ಹಿಡಿದಿಲ್ಲ ತಾನೇ ನೋಡಿ. ಆಮೇಲೆ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಸ್ವಲ್ಪ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಸ್ಕ್ರೂ ಬಿಗಿ ಮಾಡಿ. ಪಂಪಿನ ಸ್ಕ್ರೂನಲ್ಲೂ ಹಾಗೆಯೇ. ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಎರಡು ನಿಮಿಷ ಬಿಡಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಕೊಡುವ ಹೊಸ ಮಾದರಿ) ಆಗಿದ್ದರೆ ಇಂಜೆಕ್ಟರ್ ಕಡೆಯ ಹೈ ಪ್ರೆಶರ್ ಪೈಪನ್ನು ಸಡಿಲಿಸಲು ಹೋಗಬೇಡಿ. ಆ ಒತ್ತಡದ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

ಪ್ರಶ್ನೆ ಕೇಳಿದವರು

ಸ್ಟಾರ್ಟ್ ಆಯಿತು ಸರ್! ಫಿಲ್ಟರಿನಲ್ಲಿ ನೊರೆ ನೊರೆಯಾಗಿ ಗಾಳಿ ಬಂತು, ಐವತ್ತು ಸಲವಾದರೂ ಪಂಪ್ ಒತ್ತಿರಬೇಕು. ಎರಡನೇ ಹೊಡೆತಕ್ಕೆ ಕೆಮ್ಮಿಕೊಂಡು ಹತ್ತಿತು, ಅರ್ಧ ನಿಮಿಷದಲ್ಲಿ ಸಮ ಆಯಿತು. ಓಡುವಾಗ ಬ್ಯಾಟರಿಯಲ್ಲಿ 28.1 ವೋಲ್ಟ್ ಇದೆ. ಆ 12.4ರ ಬ್ಯಾಟರಿ ಬದಲಿಸಬೇಕಾ?

ಉತ್ತರ

ತುಂಬಾ ಖುಷಿ ಆಯಿತು. 28.1 ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಾಗಿದೆ. ಬ್ಯಾಟರಿ ಈಗಲೇ ಬದಲಿಸಬೇಡಿ. ರೇಡಿಯೋ, ಮೊಬೈಲ್ ಚಾರ್ಜರ್ ಏನಾದರೂ ಆ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದಾರಾ ನೋಡಿ. ಹಾಗಿದ್ದರೆ ಅದೊಂದು ಇಳಿಯುತ್ತಲೇ ಇರುತ್ತದೆ, ಇನ್ನೊಂದು ಓವರ್ ಚಾರ್ಜ್ ಆಗಿ ಎರಡೂ ಬೇಗ ಹಾಳಾಗುತ್ತವೆ. ಆ ವೈರ್ ತೆಗೆದು, 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು ಅಳೆದು ಇಲ್ಲೇ ಬರೆಯಿರಿ.