ಬ್ಯಾಚ್ ಫೈಲಿನಲ್ಲಿ ಫೋಲ್ಡರಿನ ಹೆಸರು ಮಾತ್ರ ಬೇಕು, ಪೂರ್ತಿ ಪಾತ್ ಬರ್ತಿದೆ

ಗುಬ್ಬಿ ಗೇಟ್, ತುಮಕೂರು:
ಸ್ಟುಡಿಯೋ ಫೋಟೋಗಳಿಗೆ ಹೆಸರಿಡೋಕೆ ಒಂದು ಬ್ಯಾಚ್ ಫೈಲ್ (ವಿಂಡೋಸ್ ಕಮಾಂಡುಗಳನ್ನ ಸಾಲಾಗಿ ಓಡಿಸೋ ಫೈಲ್) ಬೇಕು. ಒಂದೊಂದು ಕಾರ್ಯಕ್ರಮಕ್ಕೆ ಒಂದೊಂದು ಫೋಲ್ಡರ್ ಇದೆ, ಉದಾಹರಣೆಗೆ "ಕ್ಯಾತ್ಸಂದ್ರ ಮದುವೆ 12.05.2024". ಒಳಗಿರೋ ಜೆಪಿಜಿಗಳೆಲ್ಲ ಫೋಲ್ಡರಿನ ಹೆಸರು, ಅಂಡರ್‌ಸ್ಕೋರ್, ನಂಬರ್ ಅಂತ ಆಗಬೇಕು. ಈಗಿರುವ ಫೋಲ್ಡರ್ ಯಾವುದು ಅಂತ ಹೇಳೋ %ಸಿಡಿ% ಹಾಕಿದ್ರೆ "ಡಿ:\ಫೋಟೋ\ಮೇ\ಕ್ಯಾತ್ಸಂದ್ರ ಮದುವೆ 12.05.2024" ಅಂತ ಉದ್ದಕ್ಕೆ ಬರುತ್ತೆ. ಅದನ್ನ ಹೆಸರು ಬದಲಾಯಿಸೋ ರೆನ್ ಕಮಾಂಡಿಗೆ ಕೊಟ್ರೆ ಸಿಂಟ್ಯಾಕ್ಸ್ ತಪ್ಪು ಅಂತ ನಿಂತುಬಿಡುತ್ತೆ. ಕೊನೇ ತುಂಡು ಮಾತ್ರ ತೆಗೆಯೋದು ಹೇಗೆ?

ಬಂಗಾರಪೇಟೆ:
ರೆನ್‌ಗೆ ಎರಡನೇದಾಗಿ ಕೊಡೋ ಹೆಸರಲ್ಲಿ ಡ್ರೈವ್ ಅಕ್ಷರವಾಗಲಿ ಬ್ಯಾಕ್‌ಸ್ಲ್ಯಾಷ್ ಆಗಲಿ ಇರಬಾರದು, ಅದಕ್ಕೇ ಆ ಎರರ್. ಬ್ಯಾಕ್‌ಸ್ಲ್ಯಾಷಿನ ಮೇಲೆ ಕತ್ತರಿಸೋಕೆ ಹೋಗಬೇಡಿ. ಫೋಲ್ಡರ್ ಎಷ್ಟು ಆಳದಲ್ಲಿದೆ ಅಂತ ಗೊತ್ತಿರಲ್ಲ. ಫಾರ್ ಲೂಪಿಗೆ ಒಂದು ಚುಕ್ಕೆ ಕೊಡಿ, ಚುಕ್ಕೆ ಅಂದ್ರೆ ಈಗಿರುವ ಫೋಲ್ಡರ್:

ಫಾರ್ %%ಐ ಇನ್ (.) ಡು ಸೆಟ್ "ನೇಮ್=%%~ಎನ್ಐ"

ಓದೋಕೆ ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದೀನಿ, ಫೈಲಲ್ಲಿ ಇಂಗ್ಲಿಷ್ ಅಕ್ಷರಾನೇ ಹೊಡೀರಿ. ದೊಡ್ಡ ಐ ಹಾಕಿದ್ರೆ ಎರಡೂ ಕಡೆ ದೊಡ್ಡದೇ ಇರಬೇಕು. ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿಯಲ್ಲಿ ನೇರವಾಗಿ ಟೈಪ್ ಮಾಡಿ ನೋಡೋದಾದ್ರೆ ಪರ್ಸೆಂಟ್ ಒಂದೇ ಸಾಕು, ಬ್ಯಾಚ್ ಫೈಲೊಳಗೆ ಎರಡು.

ಗುಬ್ಬಿ ಗೇಟ್:
ಬಂತು ಸಾರ್, ಆದ್ರೆ "ಕ್ಯಾತ್ಸಂದ್ರ ಮದುವೆ 12.05" ಅಂತ ಅಷ್ಟೇ. ಇಸವಿ ಹೋಯ್ತು.

ಚಿಂತಾಮಣಿ:
ಎನ್ ಒಂದೇ ಹಾಕಿದ್ದಕ್ಕೆ. ಎನ್ ಅಂದ್ರೆ ಎಕ್ಸ್‌ಟೆನ್ಶನ್ (.ಜೆಪಿಜಿ ಥರದ ಬಾಲ) ಬಿಟ್ಟು ಉಳಿದ ಹೆಸರು. ಅದು ಫೋಲ್ಡರೋ ಫೈಲೋ ಅಂತ ವಿಂಡೋಸ್ ಇಲ್ಲಿ ನೋಡಲ್ಲ. ಕೊನೇ ಚುಕ್ಕೆಯಿಂದಾಚೆ ಇರೋದೆಲ್ಲ ಎಕ್ಸ್‌ಟೆನ್ಶನ್ ಅಂದ್ಕೊಳ್ಳುತ್ತೆ, ನಿಮ್ಮ .2024 ಹೋಗಿದ್ದು ಹಾಗೆ. %%~ಎನ್‌ಎಕ್ಸ್ಐ ಅಂತ ಬರೀರಿ, ಎಕ್ಸ್ ಅಂದ್ರೆ ಆ ಬಾಲವನ್ನೂ ಸೇರಿಸು ಅಂತ. ನಡುವೆ ಎಲ್ಲೂ ಜಾಗ ಬೇಡ. ಹೆಸರಲ್ಲಿ ಚುಕ್ಕೆ ಇಲ್ಲದ ಫೋಲ್ಡರಿಗೆ ಎನ್ ಒಂದೇ ಇದ್ರೂ ಸರಿಯಾಗಿ ಬರುತ್ತೆ, ಹಾಗಾಗಿ ಈ ತಪ್ಪು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳಲ್ಲ.

ಇನ್ನೊಂದು: ಸೆಟ್ ಆದಮೇಲೆ ಈಕ್ವಲ್ ಚಿಹ್ನೆಯ ಆಚೆ ಈಚೆ ಸ್ಪೇಸ್ ಬಿಡಬೇಡಿ. ಬಿಟ್ರೆ ವೇರಿಯಬಲ್ಲಿನ ಹೆಸರಿಗೇ ಸ್ಪೇಸ್ ಅಂಟ್ಕೊಳ್ಳುತ್ತೆ, ಆಮೇಲೆ %ನೇಮ್% ಖಾಲಿ. ಡಬಲ್ ಕೋಟ್ ಮೇಲೆ ಕೊಟ್ಟಿರೋ ಹಾಗೆ ನೇಮ್‌ಗಿಂತ ಮೊದಲೇ ಶುರುವಾಗಬೇಕು. ಮದುವೆ ಫೋಲ್ಡರುಗಳಲ್ಲಿ "ರಾಜು & ರಾಣಿ" ಅಂತ ಇದ್ದೇ ಇರುತ್ತೆ. ಮುಂದೆ %ನೇಮ್% ಬಳಸೋ ಕಡೆಯೂ ಕೋಟ್ ಬೇಕು, ಅಲ್ಲಿ ಇಲ್ಲದಿದ್ರೆ & ಬಂದ ಕಡೆ ಕಮಾಂಡ್ ಮುಗೀತು ಅಂತ ಲೆಕ್ಕ, "ರಾಣಿ" ಅನ್ನೋ ಪ್ರೋಗ್ರಾಮ್ ಹುಡುಕೋಕೆ ಹೋಗುತ್ತೆ.

ಗುಬ್ಬಿ ಗೇಟ್:
ಈಗ ಹೆಸರು ಸರಿ ಇದೆ. ಎರಡು ತೊಂದರೆ ಉಳಿದಿದೆ. ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದ್ರೆ ಫೋಲ್ಡರಿನ ಹೆಸರು "ಸಿಸ್ಟಮ್32" ಅಂತ ಬರುತ್ತೆ. ಮತ್ತೆ ಸೆಟ್ ಸಾಲು, ರೆನ್ ಸಾಲು ಎರಡನ್ನೂ ಒಂದೇ ಬ್ರ್ಯಾಕೆಟ್ ಒಳಗೆ ಹಾಕಿದ್ರೆ ಹೆಸರು ಖಾಲಿ, ಬರೀ ಅಂಡರ್‌ಸ್ಕೋರ್ ಕಾಣುತ್ತೆ.

ಚಿಂತಾಮಣಿ:
ಮೊದಲನೇದು: ಈಗಿರುವ ಫೋಲ್ಡರ್ ಬೇರೆ, ಬ್ಯಾಚ್ ಫೈಲ್ ಇರೋ ಫೋಲ್ಡರ್ ಬೇರೆ. ಸುಮ್ನೆ ಡಬಲ್ ಕ್ಲಿಕ್ ಮಾಡಿದಾಗ ಎರಡೂ ಒಂದೇ ಆಗಿರುತ್ತೆ. ಅಡ್ಮಿನ್ ಆಗಿ ಓಡಿಸಿದಾಗ ಶುರುವಾಗೋದು ಸಿ:\ವಿಂಡೋಸ್\ಸಿಸ್ಟಮ್32 ಒಳಗಿಂದ. ನಿಮಗೆ ಬೇಕಿರೋದು ಬ್ಯಾಚ್ ಫೈಲ್ ಇರೋ ಜಾಗ. ಅದು %~ಡಿಪಿ0, ಕೊನೇದು ಸೊನ್ನೆ. ಇದರ ತುದಿಯಲ್ಲಿ ಯಾವಾಗಲೂ ಒಂದು ಬ್ಯಾಕ್‌ಸ್ಲ್ಯಾಷ್ ಇರುತ್ತೆ, ಹಾಗೇ ಕೊಟ್ರೆ ಹೆಸರು ಖಾಲಿ ಬರುತ್ತೆ. ಅದಕ್ಕೇ ಪಕ್ಕದಲ್ಲಿ ಚುಕ್ಕೆ ಸೇರಿಸಿ: ("%~ಡಿಪಿ0."). ಅಂದಹಾಗೆ, ಹೆಸರು ಬದಲಾಯಿಸೋಕೆ ಅಡ್ಮಿನ್ ಯಾಕೆ ಬೇಕು? ನಿಮ್ಮದೇ ಡಿ ಡ್ರೈವಿಗೆ ಮಾಮೂಲಿ ಡಬಲ್ ಕ್ಲಿಕ್ ಸಾಕು.

ಎರಡನೇದು: ಬ್ರ್ಯಾಕೆಟ್ ತೆರೆದಲ್ಲಿಂದ ಮುಚ್ಚೋವರೆಗೆ, ಬ್ಯಾಚ್ ಫೈಲ್ ಓಡಿಸೋ ಸಿಎಮ್‌ಡಿ ಒಂದೇ ಸಲಕ್ಕೆ ಓದುತ್ತೆ. ಓದೋವಾಗಲೇ %ನೇಮ್% ಜಾಗಕ್ಕೆ ಬೆಲೆ ತುಂಬಿಬಿಡುತ್ತೆ, ಆಗ ಸೆಟ್ ಇನ್ನೂ ನಡೆದೇ ಇರಲ್ಲ.

ಬಂಗಾರಪೇಟೆ:
ಡಿಲೇಯ್ಡ್ ಎಕ್ಸ್‌ಪಾನ್ಷನ್ (ಓದೋವಾಗಲ್ಲ, ಸಾಲು ಓಡೋವಾಗ ಬೆಲೆ ತುಂಬೋದು) ಆನ್ ಮಾಡಿ !ನೇಮ್! ಅಂತ ಬರೆದ್ರೆ ಮುಗೀತಲ್ಲ.

ಚಿಂತಾಮಣಿ:
ಮುಗಿಯುತ್ತೆ, ಫೋಲ್ಡರಿನ ಹೆಸರಲ್ಲಿ ಆಶ್ಚರ್ಯ ಚಿಹ್ನೆ ಇಲ್ಲದಿದ್ರೆ. "ಅರ್ಜೆಂಟ್!" ಅಂತ ಇಟ್ಟಿದ್ರೆ ಆ ಚಿಹ್ನೆ ಮಾಯ. ಅದರ ಬದಲು ರೆನ್ ಕೆಲಸವನ್ನ ಲೇಬಲ್ (ಕೋಲನ್ನಿಂದ ಶುರುವಾಗೋ ಹೆಸರು) ಕೆಳಗೆ ಬೇರೆ ಇಟ್ಟು ಕಾಲ್ ಮಾಡೋದು ಒಳ್ಳೇದು. ಪೂರ್ತಿ ಹೀಗೆ:

@ಎಕೋ ಆಫ್
ಸೆಟ್‌ಲೋಕಲ್
ಸಿಎಚ್‌ಸಿಪಿ 65001 >ನಲ್
ಪುಶ್‌ಡಿ "%~ಡಿಪಿ0"
ಫಾರ್ %%ಐ ಇನ್ ("%~ಡಿಪಿ0.") ಡು ಸೆಟ್ "ನೇಮ್=%%~ಎನ್‌ಎಕ್ಸ್ಐ"
ಇಫ್ ನಾಟ್ ಡಿಫೈನ್ಡ್ ನೇಮ್ ಎಕ್ಸಿಟ್ /ಬಿ
ಸೆಟ್ ನಂ=10000
ಫಾರ್ /ಎಫ್ "ಡಿಲಿಮ್ಸ್=" %%ಎಫ್ ಇನ್ ('ಡಿಐಆರ್ /ಬಿ /ಎ-ಡಿ /ಒಎನ್ *.ಜೆಪಿಜಿ') ಡು ಕಾಲ್ :ಇಡು "%%ಎಫ್"
ಎಕ್ಸಿಟ್ /ಬಿ
:ಇಡು
ಸೆಟ್ /ಎ ನಂ+=1
ರೆನ್ "%~1" "%ನೇಮ್%_%ನಂ:~-4%%~ಎಕ್ಸ್1"
ಎಕ್ಸಿಟ್ /ಬಿ

ನಂಬರ್ 10000ದಿಂದ ಶುರು ಮಾಡಿ ಕೊನೇ ನಾಲ್ಕು ಅಂಕಿ ತಗೊಂಡ್ರೆ 0001, 0002 ಅಂತ ತಾನಾಗೇ ಬರುತ್ತೆ, 9999ರವರೆಗೆ ನಡೆಯುತ್ತೆ. ಮೂರೇ ಅಂಕಿ ಇಟ್ಕೊಂಡ್ರೆ ಸಾವಿರ ದಾಟಿದ ಮದುವೆಯಲ್ಲಿ ನಂಬರ್ ಮತ್ತೆ ಮೊದಲಿಂದ ಸುತ್ತುತ್ತೆ. ಲೇಬಲ್ಲಿಗಿಂತ ಮೊದಲಿನ ಎಕ್ಸಿಟ್ ತೆಗೀಬೇಡಿ. ತೆಗೆದ್ರೆ ಲೂಪ್ ಮುಗಿದಮೇಲೆ ಕೆಳಗಿನ ರೆನ್ ಖಾಲಿ ಹೆಸರಿನ ಜೊತೆ ಇನ್ನೊಂದ್ಸಲ ಓಡುತ್ತೆ.

ಫಾರ್ ಲೂಪಿಗೆ ನೇರವಾಗಿ *.ಜೆಪಿಜಿ ಕೊಡದೆ ಫೈಲುಗಳ ಪಟ್ಟಿ ಕೊಡೋ ಡಿಐಆರ್ ಮೂಲಕ ಹೋಗಿರೋದಕ್ಕೂ ಕಾರಣ ಇದೆ. ನೇರ ಕೊಟ್ರೆ ಫೋಲ್ಡರ್ ಓದೋದು, ಹೆಸರು ಬದಲಾಯಿಸೋದು ಎರಡೂ ಒಟ್ಟಿಗೇ ನಡೆಯುತ್ತೆ. ಹೊಸ ಹೆಸರು ಪಡೆದ ಫೋಟೋ ಮತ್ತೆ ಸಾಲಿಗೆ ಬಂದು ಇನ್ನೊಂದು ನಂಬರ್ ತಗೊಳ್ಳಬಹುದು. ಡಿಐಆರ್ ಆದ್ರೆ ಮೊದಲು ಪಟ್ಟಿ ಪೂರ್ತಿ ಸಿಗುತ್ತೆ.

ಪುಶ್‌ಡಿ ಬಳಸಿರೋದು ನೆಟ್‌ವರ್ಕ್ ಫೋಲ್ಡರಿಗಾಗಿ. ಎರಡು ಬ್ಯಾಕ್‌ಸ್ಲ್ಯಾಷಿಂದ ಶುರುವಾಗೋ ಪಾತಿಗೆ ಫೋಲ್ಡರ್ ಬದಲಾಯಿಸೋ ಸಿಡಿ ಕಮಾಂಡ್ ಹೋಗಲ್ಲ, ಪುಶ್‌ಡಿ ತಾತ್ಕಾಲಿಕವಾಗಿ ಒಂದು ಡ್ರೈವ್ ಅಕ್ಷರ ಕೊಟ್ಟು ಹೋಗುತ್ತೆ.

ಗುಬ್ಬಿ ಗೇಟ್:
ಒಂದು ಫೋಲ್ಡರಿಗೆ ಹಾಕಿ ನೋಡಿದೆ, 0001ರಿಂದ ಸಾಲಾಗಿ ಬಂತು. ಫೋಲ್ಡರಿನ ಹೆಸರು ಕನ್ನಡದಲ್ಲಿದ್ರೆ ಕಪ್ಪು ಕಿಟಕಿಯಲ್ಲಿ ಚೌಕ ಚೌಕ ಕಾಣುತ್ತೆ. ಫೋಟೋ ಹೆಸರೂ ಹಾಳಾಗುತ್ತಾ? ಪೆನ್ ಡ್ರೈವಿನಲ್ಲಿ ಓಡಿಸಿದ್ರೆ ಏನೂ ಆಗ್ತಾನೇ ಇಲ್ಲ.

ಬಂಗಾರಪೇಟೆ:
ಚೌಕ ಆ ಕಿಟಕಿಯ ಫಾಂಟಿನ ಕಥೆ, ಒಳಗಡೆ ಹೆಸರು ಯೂನಿಕೋಡಲ್ಲಿ ಸರಿಯಾಗೇ ಇರುತ್ತೆ. "ನಂದಿ ಜಾತ್ರೆ" ಅಂತ ಫೋಲ್ಡರ್ ಇದ್ರೆ ಫೋಟೋಗೂ "ನಂದಿ ಜಾತ್ರೆ_0001" ಅಂತಾನೇ ಬೀಳುತ್ತೆ, ಎಕ್ಸ್‌ಪ್ಲೋರರಲ್ಲಿ ತೆರೆದು ನೋಡಿ. ಹೆಸರು ಕೆಡೋದು ಕೋಡ್ ಪೇಜ್ (ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನೋ ಪಟ್ಟಿ) ದಾಟೋ ಕಡೆ: ಎಕೋ ಮಾಡಿ ಟೆಕ್ಸ್ಟ್ ಫೈಲಿಗೆ ಬರೆಯೋವಾಗ, ಅಥವಾ ಡಿಐಆರ್ ಪಟ್ಟಿ ಫಾರ್ ಲೂಪಿಗೆ ಬರೋವಾಗ. 437 ಅನ್ನೋ ಹಳೇ ಪೇಜಲ್ಲಿದ್ರೆ ಕನ್ನಡ ಅಕ್ಷರವೆಲ್ಲ ಪ್ರಶ್ನೆ ಚಿಹ್ನೆ ಆಗುತ್ತೆ. ಮೇಲೆ 65001, ಅಂದ್ರೆ ಯುಟಿಎಫ್-8 ಪೇಜ್, ಹಾಕಿರೋದು ಅದಕ್ಕೇ. ಬ್ಯಾಚ್ ಫೈಲನ್ನ ಯುಟಿಎಫ್-8ರಲ್ಲಿ ಸೇವ್ ಮಾಡಿ, ಬಿಒಎಮ್ (ಫೈಲಿನ ಶುರುವಿನಲ್ಲಿ ಸೇರೋ ಗುರುತಿನ ಬೈಟುಗಳು) ಇಲ್ಲದ್ದು. ಬಿಒಎಮ್ ಇದ್ರೆ ಮೊದಲ ಸಾಲಿಗೇ, @ಎಕೋ ಹಿಂದೆ ಮೂರು ವಿಚಿತ್ರ ಅಕ್ಷರ ಸೇರಿಸಿ ಎರರ್ ತೋರಿಸುತ್ತೆ. ವಿಂಡೋಸ್ 10ರ 1903 ಆವೃತ್ತಿಯಿಂದೀಚೆ ನೋಟ್‌ಪ್ಯಾಡ್ ಮಾಮೂಲಾಗಿ ಬಿಒಎಮ್ ಇಲ್ಲದೇ ಸೇವ್ ಮಾಡುತ್ತೆ.

ಪೆನ್ ಡ್ರೈವಿನಲ್ಲಿ ಫೈಲನ್ನ ಫೋಲ್ಡರೊಳಗೆ ಹಾಕದೆ ಹೊರಗೇ ಇಟ್ಟಿರ್ತೀರಿ. ಡ್ರೈವಿನ ಬುಡಕ್ಕೆ ಫೋಲ್ಡರ್ ಹೆಸರೇ ಇಲ್ಲ, ಅದಕ್ಕೆ ಆರನೇ ಸಾಲಲ್ಲೇ ನಿಂತಿದೆ. ಆ ಸಾಲು ಇರದಿದ್ರೆ ಎಲ್ಲ ಫೋಟೋನೂ "_0001", "_0002" ಅಂತ ಆಗ್ತಿತ್ತು.

ಗುಬ್ಬಿ ಗೇಟ್:
ಹೌದು, ಹೊರಗೇ ಇತ್ತು. ಕೊನೇದೊಂದು: ಹೆಸರಿಟ್ಟ ಫೋಲ್ಡರಿಗೆ ಇನ್ನೊಂದು ಕಾರ್ಡಿನ ಫೋಟೋ ಸೇರಿಸಿ ಮತ್ತೆ ಓಡಿಸಬಹುದಾ?

ಚಿಂತಾಮಣಿ:
ಹಾಗೇ ಓಡಿಸಬೇಡಿ. ಕ್ಯಾಮೆರಾದ ಡಿಎಸ್‌ಸಿ ಹೆಸರುಗಳು ಅಕ್ಷರ ಸಾಲಿನಲ್ಲಿ ಕ್ಯಾತ್ಸಂದ್ರಕ್ಕಿಂತ ಮುಂದೆ ಬರುತ್ತೆ, 0001 ಕೇಳುತ್ತೆ, ಅದು ಆಗಲೇ ಇದೆ. "ಡುಪ್ಲಿಕೇಟ್ ಫೈಲ್ ನೇಮ್" ಅಂತ ಸಾಲುಗಟ್ಟಲೆ ಬರುತ್ತೆ. ಹಳೇ ಫೋಟೋ ಅಳಿಸಿಹೋಗಲ್ಲ, ಆದ್ರೆ ನಂಬರ್ ಚೆಲ್ಲಾಪಿಲ್ಲಿ. ಡಿಐಆರ್ ಸಾಲಲ್ಲಿ *.ಜೆಪಿಜಿ ಬದಲು ಡಿಎಸ್‌ಸಿ*.ಜೆಪಿಜಿ ಮಾಡಿ, ಕೊನೇ ಫೋಟೋ 0846 ಇದ್ರೆ ನಂ=10846 ಇಟ್ಟು ಓಡಿಸಿ. ಮುಂದಿನದು 0847ರಿಂದ ಹಿಡಿಯುತ್ತೆ.