ಮಕ್ಕಳ ಕ್ಯಾನ್ಸರ್ ಗುಣವಾದ ಮೇಲೆ ಏನೇನು ಕೇಳಿ ಪಡೆಯಬೇಕು?

ಹಾವೇರಿ_ಬಳಗ:
ನಮ್ಮ ಜಿಲ್ಲೆಯ ಪೋಷಕರು ಸೇರಿ ಆರೋಗ್ಯ ಇಲಾಖೆಗೆ ಮನವಿ ಬರೆಯುತ್ತಿದ್ದೇವೆ. ಲುಕೇಮಿಯಾ (ರಕ್ತದ ಕ್ಯಾನ್ಸರ್), ಹಾಡ್ಜ್‌ಕಿನ್ (ದುಗ್ಧಗ್ರಂಥಿಗಳ ಕ್ಯಾನ್ಸರ್) ಗುಣವಾದ ಮಕ್ಕಳೇ ಹೆಚ್ಚು. ‘ಜೀವನಪೂರ್ತಿ ಆರೈಕೆ ಕೊಡಿ’ ಎಂದಷ್ಟೇ ಬರೆದರೆ ಕಡತ ಮುಂದೆ ಹೋಗುವುದಿಲ್ಲ. ನಿರ್ದಿಷ್ಟವಾಗಿ ಏನು ಕೇಳೋಣ?

ವಾರ್ಡ್_ನರ್ಸ್:
ಮೊದಲು ಚಿಕಿತ್ಸಾ ಸಾರಾಂಶ. ಡಿಸ್ಚಾರ್ಜ್ ಕಾರ್ಡ್ ಸಾಲದು, ಅದರಲ್ಲಿ ಆ ಸಲದ ದಾಖಲಾತಿಯ ವಿಷಯ ಮಾತ್ರ ಇರುತ್ತದೆ. ಪ್ರತಿ ಕೀಮೋ ಔಷಧದ ಒಟ್ಟು ಡೋಸ್ (ದೇಹದ ಮೇಲ್ಮೈಯ ಚದರ ಮೀಟರಿಗೆ ಎಷ್ಟು ಮಿಲಿಗ್ರಾಂ), ರೇಡಿಯೇಶನ್ ಯಾವ ಭಾಗಕ್ಕೆ, ಎಷ್ಟು ಗ್ರೇ (ರೇಡಿಯೇಶನ್ ಅಳೆಯುವ ಮಾನ), ಆಪರೇಷನ್, ರಕ್ತ ಕೊಟ್ಟ ವಿವರ, ಎಲ್ಲ ಒಂದೇ ಹಾಳೆಯಲ್ಲಿ ಬರಬೇಕು. ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಒಳರೋಗಿ ದಾಖಲೆಯನ್ನು 3 ವರ್ಷ ಇಟ್ಟುಕೊಂಡರೆ ಸಾಕು. ಆಮೇಲೆ ಫೈಲ್ ಸಿಗುತ್ತದೆಂಬ ಭರವಸೆ ಇಲ್ಲ. ಅದೇ ನಿಯಮದಲ್ಲಿ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದೂ ಇದೆ. ಬಾಯಿಮಾತಲ್ಲಿ ಕೇಳಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹೃದಯ_ತಪಾಸಣೆ:
ಡೋಸ್ ಯಾಕೆ ಬೇಕೆಂದರೆ, ಮುಂದಿನ ತಪಾಸಣೆ ಅದರ ಮೇಲೇ ನಿಂತಿದೆ. ಹೃದಯಕ್ಕೆ ಹಾನಿ ಮಾಡಬಲ್ಲ ಡಾಕ್ಸೊರುಬಿಸಿನ್ ಗುಂಪಿನ ಕೀಮೋ ಔಷಧ ಒಟ್ಟು ಚದರ ಮೀಟರಿಗೆ 250 ಮಿಲಿಗ್ರಾಂ ಮುಟ್ಟಿದ್ದರೆ ಎರಡು ವರ್ಷಕ್ಕೊಮ್ಮೆ ಎಕೋ (ಹೃದಯದ ಸ್ಕ್ಯಾನ್), 100ರಿಂದ 250ರೊಳಗಿದ್ದರೆ ಐದು ವರ್ಷಕ್ಕೊಮ್ಮೆ. ಎದೆಗೂ ರೇಡಿಯೇಶನ್ ಆಗಿದ್ದರೆ ಅಪಾಯ ಇನ್ನೂ ಹೆಚ್ಚು. ಎಷ್ಟೋ ಕಡೆ ಇಸಿಜಿ ತೆಗೆದು ‘ಹೃದಯ ಚೆನ್ನಾಗಿದೆ’ ಎಂದು ಕಳಿಸಿಬಿಡುತ್ತಾರೆ. ಹೃದಯದ ಪಂಪಿಂಗ್ ಕುಗ್ಗುತ್ತಿದ್ದರೂ ಇಸಿಜಿ ಸರಿಯಾಗಿಯೇ ಕಾಣಬಹುದು. ಎಕೋ ವರದಿಯಲ್ಲೂ ‘ನಾರ್ಮಲ್’ ಎಂಬ ಪದ ಸಾಲದು, ಎಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾವಾರು) ಅಂಕಿ ಇರಲೇಬೇಕು. ಇಲ್ಲದಿದ್ದರೆ ಮುಂದಿನ ಸಲ ಯಾವುದಕ್ಕೆ ಹೋಲಿಸುವುದು?

ಹಾಡ್ಜ್‌ಕಿನ್‌ಗೆ ಎದೆಯ ಮೇಲೆ 10 ಗ್ರೇ ಅಥವಾ ಹೆಚ್ಚು ರೇಡಿಯೇಶನ್ ಪಡೆದ ಹುಡುಗಿಯರಿಗೆ 25ನೇ ವಯಸ್ಸಿನಿಂದ, ಇಲ್ಲವೇ ರೇಡಿಯೇಶನ್ ಆಗಿ 8 ವರ್ಷದಿಂದ, ಯಾವುದು ತಡವೋ ಆಗಿನಿಂದ ಪ್ರತಿವರ್ಷ ಸ್ತನ ತಪಾಸಣೆ ಬೇಕು. ಸರ್ಕಾರದ ಸಾಮಾನ್ಯ ತಪಾಸಣೆ ಶುರುವಾಗುವುದೇ 30ಕ್ಕೆ. ಈ ಹೆಣ್ಣುಮಕ್ಕಳು ಅದರಿಂದ ಹೊರಗುಳಿಯುತ್ತಾರೆ. ಮನವಿಯಲ್ಲಿ ಇದನ್ನು ಬೇರೆಯಾಗಿಯೇ ಬರೆಯಿರಿ.

ಸಮಾಜಕಾರ್ಯ_ಬೆಂಗಳೂರು:
ಕೈತಪ್ಪಿ ಹೋಗುವುದು 18 ತುಂಬಿದಾಗ. ಮಕ್ಕಳ ವಿಭಾಗ ಬಿಡುತ್ತದೆ, ದೊಡ್ಡವರ ವಿಭಾಗಕ್ಕೆ ಇವರ ಪರಿಚಯವೇ ಇರುವುದಿಲ್ಲ. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಚಿಕಿತ್ಸೆ ಮುಗಿದವರಿಗೆಂದೇ 1991ರಿಂದ ಎಸಿಟಿ (ಆಫ್ಟರ್ ಕಂಪ್ಲೀಶನ್ ಆಫ್ ಥೆರಪಿ) ಕ್ಲಿನಿಕ್ ಇದೆ. ಅದನ್ನೇ ಮಾದರಿಯಾಗಿ ತೋರಿಸಿ: ಕ್ಲಿನಿಕ್‌ಗೆ ನಿಗದಿತ ದಿನ, ಜೊತೆಗೆ ಹೆಸರು ಕರೆದು ಫೋನ್ ಮಾಡಿ ನೆನಪಿಸುವ ಒಬ್ಬ ಸಂಯೋಜಕಿ. ಆ ಹುದ್ದೆಯೇ ಮುಖ್ಯ, ಕಟ್ಟಡ ಆಮೇಲೆ.

ಹಣದ ವಿಚಾರ: ಆಯುಷ್ಮಾನ್ ಯೋಜನೆ ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ. ಹೊರರೋಗಿಯಾಗಿ ಮಾಡಿಸುವ ಎಕೋ, ಥೈರಾಯ್ಡ್, ಶ್ರವಣ ಪರೀಕ್ಷೆಗೆ ಪ್ರತ್ಯೇಕ ಪ್ಯಾಕೇಜ್ ಕೇಳಿ.

ಹಾವೇರಿ_ಬಳಗ:
ಹತ್ತು ವರ್ಷದ ಹಿಂದೆ ಗುಣವಾದವರ ಫೈಲ್ ಸಿಗದಿದ್ದರೆ?

ವಾರ್ಡ್_ನರ್ಸ್:
ರೇಡಿಯೋಥೆರಪಿ ವಿಭಾಗದಲ್ಲಿ ಬೇರೆಯೇ ರಿಜಿಸ್ಟರ್ ಇರಬಹುದು, ಅಲ್ಲಿ ವಿಚಾರಿಸಿ. ಹಳೆಯ ಔಷಧಿ ಬಿಲ್ಲುಗಳಲ್ಲೂ ಹೆಸರು, ಮಿಲಿಗ್ರಾಂ ಇರುತ್ತದೆ, ಬಿಸಾಡಬೇಡಿ. ಏನೂ ಸಿಗದಿದ್ದರೆ ಅಪಾಯ ಇದೆಯೆಂದೇ ಭಾವಿಸಿ ಈಗಲೇ ಒಂದು ಎಕೋ ಮಾಡಿಸಿ. ಹೆಣ್ಣುಮಕ್ಕಳು ಗರ್ಭಿಣಿಯಾಗುವ ಮೊದಲು ತಪ್ಪದೆ ಮಾಡಿಸಬೇಕು.